ಯಾವ ಬೇನೆಗೆ ಯಾವ ಮಾತ್ರೆ?

2008ರ ಮಳೆಗಾಲವನ್ನು ಬಂಟ್ವಾಳ, ಬೆಳ್ತಂಗಡಿ, ಪುತ್ತೂರು, ಸುಳ್ಯ ಕಡೆಯವರು ಇನ್ನೂ ಮರೆತಿಲ್ಲ. ಚಿಕೂನ್‌ಗುನ್ಯ ಮನೆಮನೆ ಹೊಕ್ಕ ವರ್ಷ ಅದು. ರಬ್ಬರ್ ಹಾಲಿನ ಚಿಪ್ಪು, ತೋಟದಲ್ಲಿ ಬಿದ್ದ ಅಡಿಕೆ ಹಾಳೆ, ಕೊಕ್ಕೊ ಸಿಪ್ಪೆ, ಎಲ್ಲದರಲ್ಲೂ ನೀರು ನಿಲ್ಲುತ್ತದೆ; ಈಡಿಸ್ ಸೊಳ್ಳೆಗೆ ಅಷ್ಟು ಸಾಕು. ಜ್ವರ ಕೆಲವೇ ದಿನಕ್ಕೆ ಬಿಟ್ಟಿತು, ಗಂಟುನೋವು ಬಿಡಲಿಲ್ಲ. ಬೆಳಿಗ್ಗೆ ಎದ್ದವರಿಗೆ ನೆಲಕ್ಕೆ ಕಾಲೂರಲಾಗದು. ಗೋಡೆ ಹಿಡಿದುಕೊಂಡೇ ಬಚ್ಚಲಿಗೆ ಹೋಗಬೇಕು. ಹಸು ಕರೆಯಲು ಕೂತವರ ಬೆರಳು ಮಡಚದು. ಕೆಲವರಿಗೆ ಇದು ತಿಂಗಳುಗಟ್ಟಲೆ ಉಳಿಯಿತು, ಕೆಲವರಿಗೆ ವರ್ಷಗಟ್ಟಲೆ.

ವೈರಸ್ಸಿಗೆ ಮದ್ದಿರಲಿಲ್ಲ, ನೋವಿಗೆ ಇತ್ತು. ಹಾಗಾಗಿ ನಮ್ಮ ಕಡೆ ಬೇನೆಯ ಮಾತ್ರೆ ತೆಂಗಿನೆಣ್ಣೆ, ಬೆಂಕಿಪೆಟ್ಟಿಗೆಯ ಸಾಲಿಗೆ ಸೇರಿದ್ದರಲ್ಲಿ ಆ ವರ್ಷದ ಪಾಲು ದೊಡ್ಡದು ಎಂಬುದು ನನ್ನ ಲೆಕ್ಕಾಚಾರ. ಈಗಲೂ ಬಿ.ಸಿ. ರೋಡಿನದ್ದೋ ಗುರುವಾಯನಕೆರೆಯದ್ದೋ ಮೂಡುಬಿದಿರೆಯದ್ದೋ ಯಾವುದಾದರೂ ಮೆಡಿಕಲ್ ಎದುರು ಸಂಜೆ ಹೊತ್ತು ಅರ್ಧ ಗಂಟೆ ನಿಂತರೆ ಈ ಮಾತು ಕೇಳದೆ ಇರದು:

"ಎರಡು ಬೇನೆಯದ್ದು, ಎರಡು ಗ್ಯಾಸಿನದ್ದು ಕೊಡಿ."

"ಎಂತದ್ದು ಬೇನೆ ಅಕ್ಕ?"

"ಎಲ್ಲ ಬೇನೆಯೂ ಉಂಟು ಮಾರಾಯ್ರೆ. ಮೊನ್ನೆ ಕೊಟ್ಟಿರಲ್ಲ, ಆ ಕೆಂಪು ಪಟ್ಟಿಯದ್ದೇ ಆಗಬಹುದು."

ಅಂಗಡಿಯವನು ಕತ್ತರಿ ತೆಗೆದು ಪಟ್ಟಿಯಿಂದ ಎರಡು ಮಾತ್ರೆ ಕತ್ತರಿಸಿ ಕೊಡುತ್ತಾನೆ. ಕತ್ತರಿಸಿದ ತುಂಡಿನಲ್ಲಿ ಮದ್ದಿನ ಹೆಸರಿನ ಅರ್ಧ ಇರುತ್ತದೆ, ವಾಯಿದೆಯ ತಾರೀಕು ಇರುವುದಿಲ್ಲ. ಸೊಂಟಕ್ಕೂ ಅದೇ, ಹಲ್ಲಿಗೂ ಅದೇ, ಸಕ್ಕರೆ ಕಾಯಿಲೆಯವರ ಅಂಗಾಲು ಉರಿಗೂ ಅದೇ. ಒಂದಕ್ಕೆ ತಾಗುತ್ತದೆ, ಇನ್ನೊಂದಕ್ಕೆ ತಾಗುವುದಿಲ್ಲ. ತಾಗದಿದ್ದರೆ ಎರಡರ ಬದಲು ನಾಲ್ಕು ನುಂಗುತ್ತಾರೆ.

ಬೀಡಿ ಕಟ್ಟುವ ಹೆಂಗಸರ ನೋವನ್ನೇ ನೋಡಿ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಈ ಮೂರೂ ತಾಲ್ಲೂಕುಗಳಲ್ಲಿ ಎಷ್ಟೋ ಮನೆಗಳ ಮಕ್ಕಳ ಫೀಸು, ಸಂಘದ ಸಾಲದ ಕಂತು ನಡೆದದ್ದು ಬೀಡಿಯಿಂದ. ಗೋಡೆಗೊರಗಿ ಕಾಲು ನೀಡಿ ಕೂತು, ತೊಡೆಯ ಮೇಲೆ ತಡ್ಪೆ (ಮೊರ) ಇಟ್ಟುಕೊಂಡರೆ ಕತ್ತು ಬಗ್ಗಿದ್ದು ಮೇಲೇಳುವುದೇ ಇಲ್ಲ. ಎಲೆ ಕತ್ತರಿಸಿ, ಹೊಗೆಸೊಪ್ಪಿನ ಪುಡಿ ತುಂಬಿ, ಸುತ್ತಿ, ನೂಲು ಬಿಗಿದು, ತುದಿ ಮಡಚಿದರೆ ಒಂದಾಯಿತು. ಲೆಕ್ಕ ಇರುವುದು ಸಾವಿರಕ್ಕೆ. ಬ್ರಾಂಚಿಗೆ ಹೊತ್ತಿಗೆ ಸರಿಯಾಗಿ ಮುಟ್ಟಿಸಬೇಕು. ಇಪ್ಪತ್ತು ವರ್ಷ ಹೀಗೆ ಕೂತವರಿಗೆ ಕುತ್ತಿಗೆ, ಭುಜ, ಸೊಂಟ, ಹೆಬ್ಬೆರಳ ಬುಡ ಎಲ್ಲ ನೋಯುತ್ತದೆ, ರಾತ್ರಿ ಕೈ ಜುಮ್ಮೆನ್ನುತ್ತದೆ. ಕೇಳಿದರೆ ಒಂದೇ ಮಾತು, ಮೈ ಬೇನೆ.

ಆದರೆ ಆ ಒಂದೇ ಮೈಯಲ್ಲಿ ಕನಿಷ್ಠ ಎರಡು ಜಾತಿಯ ನೋವಿದೆ. ಹೆಬ್ಬೆರಳ ಬುಡದ್ದು ಉಜ್ಜಿ ಉಜ್ಜಿ ಊದಿಕೊಂಡ ಸ್ನಾಯುರಜ್ಜುವಿನ ನೋವು. ರಾತ್ರಿಯ ಜುಮ್ಮು ಮಣಿಕಟ್ಟಿನಲ್ಲೋ ಕುತ್ತಿಗೆಯಲ್ಲೋ ನರ ಒತ್ತಿದ್ದರಿಂದ ಬಂದದ್ದು. ಮೊದಲನೆಯದಕ್ಕೆ ಕೆಂಪು ಪಟ್ಟಿಯ ಮಾತ್ರೆ ಕೆಲಸ ಮಾಡುತ್ತದೆ. ಎರಡನೆಯದಕ್ಕೆ ಹೆಚ್ಚುಕಡಿಮೆ ಏನೂ ಮಾಡುವುದಿಲ್ಲ.

ಇಂಥ ಮಾತ್ರೆ ಕೆಲಸ ಮಾಡುವುದು ಹೇಗೆ ಎಂಬುದು ಗೊತ್ತಾದದ್ದು ತೀರಾ ಹಳೆಯ ಕಾಲದಲ್ಲಲ್ಲ. ಜರ್ಮನಿಯ ಬಾಯರ್ ಕಂಪನಿಯಲ್ಲಿ ಆಸ್ಪಿರಿನ್ ತಯಾರಾದದ್ದು 1897ರಲ್ಲಿ, ಮಾರುಕಟ್ಟೆಗೆ ಬಂದದ್ದು 1899ರಲ್ಲಿ. ಅದು ನೋವು ಹೇಗೆ ತೆಗೆಯುತ್ತದೆ ಎಂದು ಬ್ರಿಟನ್ನಿನ ಜಾನ್ ವೇನ್ ತೋರಿಸಿಕೊಟ್ಟದ್ದು 1971ರಲ್ಲಿ. ನಡುವಿನ ಎಪ್ಪತ್ತು ವರ್ಷ ಜನ ಕಾರಣ ತಿಳಿಯದೆಯೇ ನುಂಗಿ ಗುಣ ಕಂಡರು. 1982ರಲ್ಲಿ ವೇನ್‌ಗೆ ನೊಬೆಲ್ ಬಂತು. ಅವರು ಕಂಡದ್ದು ಇಷ್ಟು: ಮೈಯ ಯಾವುದೇ ಜಾಗಕ್ಕೆ ಪೆಟ್ಟಾದಾಗ ಅಲ್ಲಿನ ಜೀವಕೋಶಗಳು ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕ ತಯಾರಿಸುತ್ತವೆ. ಅದು ಅಲ್ಲಿನ ನರದ ತುದಿಗಳನ್ನು ಎಷ್ಟು ಸೂಕ್ಷ್ಮ ಮಾಡಿಬಿಡುತ್ತದೆಂದರೆ, ಅಂಗಿ ತಾಗಿದರೂ ನೋಯುತ್ತದೆ. ಊತ, ಬಿಸಿ, ಕೆಂಪು ಬರುವುದರಲ್ಲೂ ಅದರ ಕೈವಾಡವಿದೆ. ಈ ಪ್ರೊಸ್ಟಾಗ್ಲಾಂಡಿನ್ ಆಗಬೇಕಾದರೆ ಕಾಕ್ಸ್ ಎಂಬ ಕಿಣ್ವ ಬೇಕು. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ನೆಪ್ರಾಕ್ಸೆನ್, ಮೆಫೆನಾಮಿಕ್ ಆಸಿಡ್ ಎಲ್ಲವೂ ಆ ಕಿಣ್ವವನ್ನು ತಡೆಯುವ ಮದ್ದುಗಳೇ; ಅಂಗಡಿಯ ಕೆಂಪು ಪಟ್ಟಿಯದ್ದೂ ಈ ಗುಂಪಿನದೇ. ಉಳುಕು, ಗಂಟಿನ ಊತ, ಹಲ್ಲುನೋವು, ಮುಟ್ಟಿನ ಹೊಟ್ಟೆನೋವು, ಚಿಕೂನ್‌ಗುನ್ಯದ ಬಳಿಕದ ಸಂಧಿಬಾವು ಇವುಗಳಿಗೆ ಈ ಗುಂಪು ಒಳ್ಳೆಯ ಮದ್ದು. ವೇಣೂರಿನ, ಮೂಡುಬಿದಿರೆಯ ಕಂಬಳದ ಕರೆಯಲ್ಲಿ ಕಾಲು ಉಳುಕಿಸಿಕೊಂಡ ಓಟಗಾರನಿಗೆ ನಾಲ್ಕು ದಿನ ಇದನ್ನು ಕೊಟ್ಟರೆ ತಪ್ಪೇನಿಲ್ಲ.

ತಪ್ಪಾಗುವುದು ನಾಲ್ಕು ದಿನದ್ದು ನಾಲ್ಕು ವರ್ಷವಾದಾಗ. ಅದೇ ಪ್ರೊಸ್ಟಾಗ್ಲಾಂಡಿನ್ ಹೊಟ್ಟೆಯ ಒಳಪದರವನ್ನು ಆಮ್ಲದಿಂದ ಕಾಯುತ್ತಿರುತ್ತದೆ, ಮೂತ್ರಪಿಂಡಕ್ಕೆ ರಕ್ತ ಸಾಗುವ ಹಾದಿಯನ್ನು ತೆರೆದಿಟ್ಟಿರುತ್ತದೆ. ಕಿಣ್ವ ತಡೆದರೆ ನೋವಿನ ಜತೆಗೆ ಈ ಎರಡೂ ಕೆಲಸ ನಿಲ್ಲುತ್ತವೆ. ಹೊಟ್ಟೆ ಹುಣ್ಣಾಗಿ ಒಳಗೊಳಗೇ ರಕ್ತ ಒಸರಿದರೆ ಮಲ ಡಾಂಬರಿನ ಹಾಗೆ ಕಪ್ಪಾಗುತ್ತದೆ. ಕಂಡ ಕೂಡಲೇ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣ ಅದು. ಮೂತ್ರಪಿಂಡ ಹಾಗಲ್ಲ, ಯಾವ ಸದ್ದೂ ಮಾಡದೆ ಸೋಲುತ್ತದೆ. "ಗ್ಯಾಸಿನದ್ದು" ಜತೆಗೆ ನುಂಗಿದರೆ ಏನೂ ಆಗದು ಎಂಬ ಧೈರ್ಯ ನಮ್ಮಲ್ಲಿದೆ. ಆ ಗ್ಯಾಸಿನ ಮಾತ್ರೆ ಹೊಟ್ಟೆಯನ್ನು ಒಂದಷ್ಟು ಕಾಯುತ್ತದೆ ನಿಜ, ಮೂತ್ರಪಿಂಡವನ್ನು ಕಾಯುವುದಿಲ್ಲ. ಇಂಜೆಕ್ಷನ್ ಆದರೆ ಹೊಟ್ಟೆಗೆ ತೊಂದರೆಯಿಲ್ಲ ಎನ್ನುವವರೂ ಇದ್ದಾರೆ. ಸೊಂಟಕ್ಕೆ ಚುಚ್ಚಿದರೂ ಮದ್ದು ರಕ್ತದ ಮೂಲಕವೇ ಹೊಟ್ಟೆಯ ಪದರಕ್ಕೆ ಮುಟ್ಟುವುದು. ಬಿ.ಪಿ. ಮಾತ್ರೆ, ಮೂತ್ರ ಹೆಚ್ಚು ಹೋಗುವ ಮಾತ್ರೆ ತೆಗೆದುಕೊಳ್ಳುವ ಹಿರಿಯರಿಗೆ ಇದು ಇನ್ನಷ್ಟು ಅಪಾಯ. ಮಳೆ ಮುಗಿದ ಮೇಲಿನ ಸೆಕೆಯಲ್ಲಿ, ನೀರು ಕುಡಿಯದೆ ತೋಟದಲ್ಲಿ ದುಡಿದು ಬಂದವರಿಗೂ.

ಹೊಟ್ಟೆ ಉಳಿಸಲೆಂದೇ ಕಾಕ್ಸ್‌ನ ಒಂದು ಬಗೆಯನ್ನು ಮಾತ್ರ ತಡೆಯುವ ಮದ್ದುಗಳು ಬಂದವು. ಅವುಗಳಲ್ಲಿ ಹೆಸರು ಮಾಡಿದ್ದ ರೋಫೆಕಾಕ್ಸಿಬ್ ಹೃದಯಾಘಾತದ ಅಪಾಯ ಹೆಚ್ಚಿಸುತ್ತದೆಂದು 2004ರಲ್ಲಿ ಜಗತ್ತಿನ ಮಾರುಕಟ್ಟೆಯಿಂದ ಹೊರಬಿತ್ತು. ಅದರ ತಮ್ಮನಂಥ ಎಟೊರಿಕಾಕ್ಸಿಬ್ ಈಗಲೂ ನಮ್ಮಲ್ಲಿ ಧಾರಾಳ. ಹೃದಯದ ತೊಂದರೆ ಇದ್ದವರು ಅದನ್ನು ಕೇಳಿ ಪಡೆಯುವುದು ಬೇಡ.

ಡೈಕ್ಲೋಫೆನಾಕ್ ಮೂತ್ರಪಿಂಡಕ್ಕೆ ಏನು ಮಾಡಬಲ್ಲದು ಎಂಬುದಕ್ಕೆ ಭಾರತ ಉಪಖಂಡದಷ್ಟು ದೊಡ್ಡ ಸಾಕ್ಷಿ ಬೇರೆಲ್ಲೂ ಇಲ್ಲ. ದನಗಳ ನೋವಿಗೆ ಕೊಟ್ಟ ಈ ಮದ್ದು ಸತ್ತ ದನದ ಮಾಂಸದಲ್ಲಿ ಉಳಿದು, ಅದನ್ನು ತಿಂದ ರಣಹದ್ದುಗಳ ಮೂತ್ರಪಿಂಡ ಕೆಡಿಸಿತು. ಒಂದೆರಡು ದಶಕದಲ್ಲಿ ಹದ್ದುಗಳ ಸಂತತಿಯೇ ಕುಸಿಯಿತು. ಕಾರಣ ಬಯಲಾದದ್ದು 2004ರಲ್ಲಿ. 2006ರಲ್ಲಿ ಭಾರತ ಪಶುಗಳಿಗೆ ಇದರ ಬಳಕೆಯನ್ನು ನಿಷೇಧಿಸಿತು. ರಾಮನಗರದ ರಾಮದೇವರ ಬೆಟ್ಟದಲ್ಲಿ ಉಳಿದ ಕೆಲವೇ ಹದ್ದುಗಳಿಗಾಗಿ ಈಗ ಧಾಮವೇ ಇದೆ. ಮನುಷ್ಯನ ಮೂತ್ರಪಿಂಡ ಹದ್ದಿನದಕ್ಕಿಂತ ಗಟ್ಟಿ ಎಂಬುದು ಸಮಾಧಾನದ ಮಾತೇ, ಆದರೆ ಎಷ್ಟು ಗಟ್ಟಿ ಎಂದು ಪರೀಕ್ಷಿಸುತ್ತಾ ಕೂರಬೇಕಾಗಿಲ್ಲ. ಬೆರಳ ಗಂಟು, ಮೊಣಕಾಲಿನಂಥ ಚರ್ಮಕ್ಕೆ ಹತ್ತಿರದ ನೋವಿಗೆ ಇದೇ ಡೈಕ್ಲೋಫೆನಾಕ್ ಜೆಲ್ ರೂಪದಲ್ಲಿ ಸಿಗುತ್ತದೆ. ಹಚ್ಚಿದರೆ ರಕ್ತಕ್ಕೆ ಹೋಗುವುದು ತೀರಾ ಸ್ವಲ್ಪ. ಮೊಣಕಾಲು ಸವೆದ ಹಿರಿಯರಿಗೆ ವೈದ್ಯರು ಮೊದಲು ಹೇಳಬೇಕಾದದ್ದು ಇದನ್ನೇ. ಜೆಲ್ ಬರೆದರೆ "ಇದೆಂತ, ಬರೀ ಮುಲಾಮು" ಎಂದು ಮುಖ ಸಣ್ಣ ಮಾಡುವವರು ನಾವು.

ಮುಲಾಮಿನ ಮಾತು ಬಂತು. ಅಮೃತಾಂಜನ 1893ರಿಂದ ಇದೆ. ಪಿತ್ತದ ತಲೆನೋವಿಗೂ ಶೀತಕ್ಕೂ ನಮ್ಮ ಅಜ್ಜಿಯರು ಹಚ್ಚಿದ್ದು ಅದನ್ನೇ. ಮೆಂಥಾಲ್ ಚರ್ಮದ ತಣ್ಣನೆಯ ಅರಿವನ್ನು ಎಬ್ಬಿಸುತ್ತದೆ. ಆ ಅರಿವು ಬೆನ್ನುಹುರಿಯಲ್ಲಿ ನೋವಿನ ಸುದ್ದಿಗೆ ಅಡ್ಡ ಬರುತ್ತದೆ. ಮೆಲ್ಜಾಕ್ ಮತ್ತು ವಾಲ್ ಎಂಬಿಬ್ಬರು 1965ರಲ್ಲಿ ಮಂಡಿಸಿದ ವಾದವಿದು. ಕಾಲು ಕಲ್ಲಿಗೆ ಎಡವಿದಾಗ ಕೈ ತಾನಾಗಿ ಹೋಗಿ ಉಜ್ಜುವುದೂ ಇದಕ್ಕೇ. ಕೊಟ್ಟಂಚುಕ್ಕಾದಿ ತೈಲ ಹಚ್ಚಿ ಬಿಸಿನೀರು ಹೊಯ್ದುಕೊಳ್ಳುವ ನಮ್ಮ ಕಡೆಯ ರೂಢಿಯನ್ನು ನಾನಂತೂ ಹಳಿಯಲಾರೆ. ಹೆಸರಿಲ್ಲದ ಪೊಟ್ಟಣದ "ಗಂಟುನೋವಿನ ಪುಡಿ"ಯ ವಿಷಯ ಬೇರೆ. ಅಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿದ್ದು ದೇಶದ ಹಲವೆಡೆ ಪರೀಕ್ಷೆಯಲ್ಲಿ ಸಿಕ್ಕಿದೆ. ಮೂರೇ ದಿನದಲ್ಲಿ ನೋವು ಮಾಯ, ಮೂರು ತಿಂಗಳಲ್ಲಿ ಮುಖ ಊದಿ ಸಕ್ಕರೆ ಏರಿದರೆ ಆ ಪುಡಿಯನ್ನು ಶಂಕಿಸಬೇಕು.

ಈಗ ಪ್ಯಾರಸಿಟಮಾಲ್. ಕ್ರೋಸಿನ್, ಕ್ಯಾಲ್ಪಾಲ್, ಕೋವಿಡ್ ಕಾಲದಲ್ಲಿ ಮನೆಮಾತಾದ ಬೆಂಗಳೂರಿನ ಡೋಲೋ 650, ಎಲ್ಲ ಅದೇ. ಇದು ಊತ ಇಳಿಸುವುದಿಲ್ಲ. ಹೆಚ್ಚಾಗಿ ಮಿದುಳು, ಬೆನ್ನುಹುರಿಯ ಮಟ್ಟದಲ್ಲಿ ಕೆಲಸ ಮಾಡುತ್ತದೆ. ದಶಕಗಟ್ಟಲೆ ಬಳಸಿದ ಮೇಲೂ ಇದರ ಪೂರ್ತಿ ಗುಟ್ಟು ಬಿಚ್ಚಿಲ್ಲ. ಹೊಟ್ಟೆಗೂ ಮೂತ್ರಪಿಂಡಕ್ಕೂ ಸೌಮ್ಯ. ಸೊಂಟನೋವಿಗೆ ಮಾತ್ರ ಇದರಿಂದ ಹೆಚ್ಚು ಪ್ರಯೋಜನವಿಲ್ಲ ಎಂದು 2014ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಆಸ್ಟ್ರೇಲಿಯದ ದೊಡ್ಡ ಅಧ್ಯಯನ ಹೇಳಿತು. ಆರೋಗ್ಯವಂತ ದೊಡ್ಡವರಿಗೆ ಇಡೀ ದಿನಕ್ಕೆ 4 ಗ್ರಾಂ ಕೊನೆಯ ಮಿತಿ, ಅಂದರೆ 500 ಮಿಲಿಗ್ರಾಮಿನ ಎಂಟು ಮಾತ್ರೆ. ಕುಡಿಯುವವರಿಗೆ, ತೆಳ್ಳಗಿನವರಿಗೆ, ಕಾಮಾಲೆ ಬಂದು ಹೋದವರಿಗೆ ಅದಕ್ಕಿಂತ ಕಡಿಮೆ. ಮಿತಿ ದಾಟಿದರೆ ಸೋಲುವುದು ಯಕೃತ್ತು. ನಾನೆಲ್ಲಿ ಎಂಟು ನುಂಗುತ್ತೇನೆ ಎನ್ನಬೇಡಿ. ಝೀರೋಡಾಲ್-ಪಿ ಮಾತ್ರೆಯ ಆ "ಪಿ" ಪ್ಯಾರಸಿಟಮಾಲ್. ಕಾಂಬಿಫ್ಲಾಮಿನಲ್ಲೂ ಅದಿದೆ. ಶೀತದ ಮಾತ್ರೆಗಳಲ್ಲೂ ಇದೆ. ಜ್ವರಕ್ಕೊಂದು, ಮೈಕೈಗೊಂದು, ಶೀತಕ್ಕೊಂದು ಎಂದು ಮೂರು ಪಟ್ಟಿ ಕೊಂಡವರು ಒಂದೇ ಮದ್ದನ್ನು ಮೂರು ದಾರಿಯಲ್ಲಿ ನುಂಗುತ್ತಿರುತ್ತಾರೆ. ಅಂದಹಾಗೆ, ಊತ ಇಳಿಸಲೆಂದು ಕೆಲವು ಮಾತ್ರೆಗಳಿಗೆ ಸೇರಿಸುವ ಸೆರಾಶಿಯೊಪೆಪ್ಟಿಡೇಸ್ ಎಂಬುದನ್ನು ಜಪಾನಿನ ತಯಾರಕ ಕಂಪನಿ 2011ರಲ್ಲಿ ಪರಿಣಾಮ ಸಾಬೀತಾಗದೆ ತಾನಾಗಿಯೇ ಹಿಂತೆಗೆದುಕೊಂಡಿತು. ನಮ್ಮಲ್ಲಿ ಅದು ಇನ್ನೂ ಖರ್ಚಾಗುತ್ತಿದೆ.

ಕರಾವಳಿಯ ಮಳೆಗಾಲಕ್ಕೆ ಪ್ಯಾರಸಿಟಮಾಲ್ ಏಕೆ ಬೇಕು ಎಂಬುದನ್ನು ಒತ್ತಿ ಹೇಳಬೇಕು. ಜೂನ್ ನಂತರ ಇಲ್ಲಿ ಮೈಕೈ ನೋವಿನ ಜ್ವರವೆಂದರೆ ಡೆಂಗಿ ಇರಬಹುದು, ಇಲಿಜ್ವರ ಇರಬಹುದು. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಇಳಿದು ರಕ್ತಸ್ರಾವದ ಭಯವಿರುತ್ತದೆ. ಅಂಥ ಹೊತ್ತಿನಲ್ಲಿ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ಕೊಟ್ಟರೆ ಉರಿಯುವ ಬೆಂಕಿಗೆ ತುಪ್ಪ ಸುರಿದಂತೆ. ಇವು ಪ್ಲೇಟ್‌ಲೆಟ್‌ಗಳನ್ನೂ ಕೆಲಸಕ್ಕೆ ಬಾರದಂತೆ ಮಾಡುತ್ತವೆ. ಗದ್ದೆ, ತೋಟದ ನೀರಿನಲ್ಲಿ ಬರಿಗಾಲಲ್ಲಿ ನಿಂತು ದುಡಿದವರಿಗೆ ಬರುವ ಇಲಿಜ್ವರದಲ್ಲಿ ಮೀನಖಂಡ ಮುಟ್ಟಿದರೆ ಚೀರುವಷ್ಟು ನೋವು. ಅದು ಮೂತ್ರಪಿಂಡಕ್ಕೇ ಎರಗುವ ರೋಗ. ಮೇಲಿನಿಂದ ಒಂದು ನೋವಿನ ಇಂಜೆಕ್ಷನ್ ಬಿದ್ದರೆ ಎರಡು ಕಡೆಯಿಂದ ಹೊಡೆತ. 1982-83ರಲ್ಲಿ ಮಂಗನ ಕಾಯಿಲೆ ಬೆಳ್ತಂಗಡಿ ತಾಲ್ಲೂಕಿನ ಕಾಡಂಚಿನ ಊರುಗಳಿಗೆ ಇಳಿದದ್ದು ಹಿರಿಯರಿಗೆ ನೆನಪಿರಬಹುದು. ಅದೂ ರಕ್ತಸ್ರಾವದ ಜ್ವರವೇ, ಅಲ್ಲೂ ಇದೇ ಎಚ್ಚರ. "ಒಂದು ಇಂಜೆಕ್ಷನ್ ಕೊಟ್ಟುಬಿಡಿ ಡಾಕ್ಟ್ರೆ, ನಾಳೆ ಕೆಲಸಕ್ಕೆ ಹೋಗಬೇಕು" ಎಂಬ ಒತ್ತಾಯವನ್ನು ಮಳೆಗಾಲದಲ್ಲಾದರೂ ಬಿಡಬೇಕು. ರಕ್ತಪರೀಕ್ಷೆ ಆಗುವ ತನಕ ಪ್ಯಾರಸಿಟಮಾಲ್, ನೀರು, ಗಂಜಿ.

ಇನ್ನು ನರದ ನೋವು. ಸಕ್ಕರೆ ಕಾಯಿಲೆಯವರ ಅಂಗಾಲು ರಾತ್ರಿ ಕೆಂಡದ ಮೇಲೆ ಇಟ್ಟಂತೆ ಉರಿಯುತ್ತದೆ. ಸರ್ಪಸುತ್ತಿನ ಗುಳ್ಳೆ ಒಣಗಿದ ಮೇಲೂ ಆ ಜಾಗ ತಿಂಗಳುಗಟ್ಟಲೆ ಸಿಡಿಯುತ್ತದೆ. ಮುಖದ ಒಂದು ಪಕ್ಕದಲ್ಲಿ ಶಾಕ್ ಹೊಡೆದಂತೆ ಬರುವ ನೋವಿಗೆ ಹಲ್ಲೇ ಕಾರಣವೆಂದು ಒಂದೊಂದಾಗಿ ಹಲ್ಲು ಕೀಳಿಸಿಕೊಂಡವರೂ ಇದ್ದಾರೆ. ಇಲ್ಲೆಲ್ಲ ಪೆಟ್ಟಾದ ಜಾಗ ಬೇರೆ ಇಲ್ಲ, ಸುದ್ದಿ ಒಯ್ಯುವ ನರವೇ ಕೆಟ್ಟಿದೆ. ಪ್ರೊಸ್ಟಾಗ್ಲಾಂಡಿನ್ ಇಲ್ಲಿ ಅಪರಾಧಿಯಲ್ಲ, ಹಾಗಾಗಿ ಕೆಂಪು ಪಟ್ಟಿಗೆ ಕೆಲಸವೂ ಇಲ್ಲ. ಇದಕ್ಕೆ ಅಮಿಟ್ರಿಪ್ಟಿಲಿನ್, ಡುಲೋಕ್ಸೆಟಿನ್, ಗಾಬಾಪೆಂಟಿನ್, ಪ್ರಿಗಾಬಾಲಿನ್. ಮುಖದ ಶಾಕಿಗೆ ಕಾರ್ಬಮಜೆಪಿನ್. ಮೊದಲೆರಡು ಖಿನ್ನತೆಗೆ, ಉಳಿದವು ಅಪಸ್ಮಾರಕ್ಕೆ ಹೆಸರಾದವು. ಮೊಬೈಲಿನಲ್ಲಿ ಹುಡುಕಿ ನೋಡಿ "ನನಗೆ ತಲೆ ಸರಿಯಿಲ್ಲವೆಂದು ಕೊಟ್ಟರಾ?" ಎಂದು ಸಿಟ್ಟಾಗಿ ನಿಲ್ಲಿಸಿಬಿಡುವವರಿದ್ದಾರೆ. ಖಿನ್ನತೆಗೆ ಕೊಡುವುದಕ್ಕಿಂತ ಎಷ್ಟೋ ಕಡಿಮೆ ಪ್ರಮಾಣದಲ್ಲಿ ಅಮಿಟ್ರಿಪ್ಟಿಲಿನ್ ನರದ ಗದ್ದಲ ತಗ್ಗಿಸುತ್ತದೆ. ಇವು ನುಂಗಿದ ಗಂಟೆಗೆ ತಾಗುವ ಮದ್ದಲ್ಲ, ವಾರಗಟ್ಟಲೆ ಕಾಯಬೇಕು. ತೂಕಡಿಕೆ, ತಲೆಸುತ್ತು ಬರಬಹುದು, ಒಮ್ಮೆಗೇ ನಿಲ್ಲಿಸಬಾರದು. ಸರ್ಪಸುತ್ತಿಗೆ ಕಾವಿ ಹಚ್ಚಿ ಹರಕೆ ಹೇಳಿಕೊಳ್ಳುವುದು ನಮ್ಮಲ್ಲಿ ರೂಢಿ. ಹರಕೆ ಇರಲಿ, ಗುಳ್ಳೆ ಎದ್ದ ಮೂರು ದಿನದೊಳಗೆ ಅಸೈಕ್ಲೊವಿರ್‌ನಂಥ ವೈರಸ್ ಮದ್ದೂ ಶುರುವಾಗಲಿ.

ನರದ ನೋವಿನ ಅತಿ ಕಠಿಣ ರೂಪವನ್ನು ಕಾಣಬೇಕಾದರೆ ಅಡಿಕೆ ಮರದಿಂದ, ತೆಂಗಿನ ಮರದಿಂದ ಬಿದ್ದು ಬೆನ್ನುಹುರಿ ತುಂಡಾದವರನ್ನು ಮಾತಾಡಿಸಬೇಕು. ಸೊಂಟದ ಕೆಳಗೆ ಮುಟ್ಟಿದರೆ ಗೊತ್ತಾಗುವುದಿಲ್ಲ, ಆದರೆ ಅದೇ ಕಾಲು ಉರಿಯುತ್ತದೆ. ಇದು ಸುಳ್ಳೂ ಅಲ್ಲ, ಮನಸ್ಸಿನ ಭ್ರಮೆಯೂ ಅಲ್ಲ. ಇಂಥ ಅಪಘಾತಕ್ಕೆ ಒಳಗಾದವರಿಗಾಗಿ ಕನ್ಯಾಡಿಯ ಸೇವಾಭಾರತಿ ಕೊಕ್ಕಡ ಸಮೀಪದ ಸೌತಡ್ಕದಲ್ಲಿ ಸೇವಾಧಾಮ ಎಂಬ ಪುನಶ್ಚೇತನ ಕೇಂದ್ರ ನಡೆಸುತ್ತಿದೆ. ಮರ ಹತ್ತಿ ಬದುಕುವ ಜನರ ನಡುವೆ ಇಂಥದ್ದೊಂದು ಹುಟ್ಟಿಕೊಂಡದ್ದು ಯೋಗ್ಯವೇ ಆಗಿದೆ.

ತಲೆಬೇನೆಯ ಬಗ್ಗೆ ಒಂದೇ ಮಾತು. ತಿಂಗಳಲ್ಲಿ ಹದಿನೈದು ದಿನ ನೋವಿನ ಮಾತ್ರೆ ನುಂಗುತ್ತಾ ಮೂರು ತಿಂಗಳು ಕಳೆದರೆ ಆ ಮಾತ್ರೆಯೇ ತಲೆನೋವು ತರಿಸತೊಡಗುತ್ತದೆ. ಮೈಗ್ರೇನಿಗೆ ಸುಮಾಟ್ರಿಪ್ಟಾನ್‌ನಂಥ ಬೇರೆ ಮದ್ದುಗಳಿವೆ. ಹೃದಯದ ತೊಂದರೆ ಇದ್ದವರಿಗೆ ಅವು ಆಗದು. ಇನ್ನು ಮೂತ್ರಪಿಂಡದ ಕಲ್ಲಿನ ನೋವು, ಹೊಟ್ಟೆ ಹಿಂಡುವ ನೋವಿಗೆ ಸೆಳೆತ ಬಿಡಿಸುವ ಡ್ರೊಟಾವೆರಿನ್, ಡೈಸೈಕ್ಲೊಮಿನ್. ಮುಟ್ಟಿನ ನೋವಿಗೆ ಹೆಣ್ಣುಮಕ್ಕಳು ನುಂಗುವ ಮೆಫ್ಟಾಲ್-ಸ್ಪಾಸ್‌ನಲ್ಲಿ ಇರುವುದು ಡೈಸೈಕ್ಲೊಮಿನ್ ಜತೆ ಮೆಫೆನಾಮಿಕ್ ಆಸಿಡ್. ಇದು ಅಪರೂಪಕ್ಕೆ ಮೈಯೆಲ್ಲ ದದ್ದು, ಜ್ವರ ಬರುವ ಗಂಭೀರ ಅಲರ್ಜಿ ತರಬಹುದೆಂದು ಭಾರತೀಯ ಫಾರ್ಮಕೋಪಿಯಾ ಆಯೋಗ 2023ರಲ್ಲಿ ಎಚ್ಚರಿಸಿದೆ. ಎದೆನೋವಿಗಂತೂ ಬೇನೆಯ ಮಾತ್ರೆಯೂ ಬೇಡ, ಗ್ಯಾಸಿನದ್ದೂ ಬೇಡ. ಗಾಡಿ ಹತ್ತಿ ಇಸಿಜಿ ಇರುವಲ್ಲಿಗೆ ಹೋಗಬೇಕು.

ಇಷ್ಟು ಹೊತ್ತು ಹೇಳಿದ್ದು ಅತಿ ಬಳಕೆಯ ಕತೆ. ಕ್ಯಾನ್ಸರಿನ ನೋವಿನದ್ದು ತದ್ವಿರುದ್ಧ. ಅಡಿಕೆ ನಾಡಿನಲ್ಲಿ ನಿಂತು ಹೇಳುವುದು ಕಷ್ಟವೇ ಆದರೂ, ಎಲೆಯಡಿಕೆ, ಹೊಗೆಸೊಪ್ಪಿನ ಬಾಯಿ ಕ್ಯಾನ್ಸರ್ ನಮ್ಮಲ್ಲಿ ಇದೆ. ಕೊನೆಯ ಹಂತದಲ್ಲಿ ದವಡೆಯ ಆ ನೋವಿಗೆ ಡೈಕ್ಲೋಫೆನಾಕ್ ಯಾವ ಮೂಲೆಗೂ ಸಾಲದು. ಬೇಕಾದದ್ದು ಮಾರ್ಫಿನ್. ಗಸಗಸೆ ಗಿಡದ ಹಾಲಿನಿಂದ ಬರುವ ಇದು ಬೆನ್ನುಹುರಿ, ಮಿದುಳುಗಳಲ್ಲಿ ನೋವಿನ ಸುದ್ದಿಯನ್ನೇ ತಗ್ಗಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲೇ ಕ್ಯಾನ್ಸರ್ ನೋವಿಗೆ ಮೆಟ್ಟಿಲು ಹಾಕಿಕೊಟ್ಟಿತು: ಮೊದಲು ಪ್ಯಾರಸಿಟಮಾಲ್ ಮತ್ತು ಅದರ ಬಳಗ, ಆಮೇಲೆ ಕೊಡೀನ್‌ನಂಥ ಸೌಮ್ಯ ಮದ್ದು, ಕೊನೆಗೆ ಮಾರ್ಫಿನ್, ಸಾಧ್ಯವಾದಷ್ಟು ಬಾಯಿಯ ಮೂಲಕ, ಗಡಿಯಾರ ನೋಡಿಕೊಂಡು. ನಾಲ್ಕು ಗಂಟೆಗೊಮ್ಮೆ ಒಂದು ಸಣ್ಣ ಮಾತ್ರೆ, ಜತೆಗೆ ಮಲಬದ್ಧತೆಗೆ ಮದ್ದು. ಅಷ್ಟಾದರೆ ಮನುಷ್ಯ ಮಲಗುತ್ತಾನೆ, ಮಾತಾಡುತ್ತಾನೆ, ನಾಲ್ಕು ತುತ್ತು ಗಂಜಿ ಉಣ್ಣುತ್ತಾನೆ.

ಅಫೀಮನ್ನು ಕಾನೂನುಬದ್ಧವಾಗಿ ಬೆಳೆಯುವ ದೇಶ ನಮ್ಮದು. ಆದರೆ 1985ರ ಮಾದಕವಸ್ತು ಕಾಯ್ದೆಯ ಭಯಕ್ಕೆ ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. 2014ರಲ್ಲಿ ಕಾಯ್ದೆಗೆ ತಿದ್ದುಪಡಿಯಾಗಿ ಹಾದಿ ಸಲೀಸಾಯಿತು. ಮಾನ್ಯತೆ ಪಡೆದ ಆಸ್ಪತ್ರೆ ಈಗ ಹತ್ತಾರು ಲೈಸೆನ್ಸಿಗೆ ಅಲೆಯಬೇಕಾಗಿಲ್ಲ. ಭಯ ಮಾತ್ರ ಹೋಗಿಲ್ಲ. "ಮಾರ್ಫಿನ್ ಕೊಟ್ಟರೆ ಮತ್ತೆ ಹೆಚ್ಚು ದಿನವಿಲ್ಲ" ಎಂದು ಮನೆಯವರು ಬೇಡವೆನ್ನುತ್ತಾರೆ, ಚಟವಾಗುತ್ತದೆ ಎಂದು ನೆಂಟರು ಹೆದರಿಸುತ್ತಾರೆ. ಸಾವಿನ ಹಾಸಿಗೆಯಲ್ಲಿರುವವರಿಗೆ ಚಟದ ಭಯ ಹೇಳುವ ನಮ್ಮ ನೀತಿವಂತಿಕೆ ನನಗೆ ಅರ್ಥವಾಗುವುದಿಲ್ಲ. ದೀರ್ಘಕಾಲದ ಸೊಂಟನೋವಿಗೆ ಈ ಜಾತಿಯ ಮದ್ದು ಬೇಡವೆಂಬುದು ಸರಿ, ಅಮೆರಿಕ ಆ ತಪ್ಪು ಮಾಡಿ ಲಕ್ಷಾಂತರ ಜೀವ ಕಳೆದುಕೊಂಡಿತು. ಟ್ರಮಡಾಲ್‌ನ ದುರ್ಬಳಕೆ ಹೆಚ್ಚಿ ಭಾರತವೂ 2018ರಲ್ಲಿ ಅದನ್ನು ಅದೇ ಕಾಯ್ದೆಯಡಿ ತಂದಿತು. ಆದರೆ ಕ್ಯಾನ್ಸರಿನ ನೋವು ಬೇರೆ ಲೆಕ್ಕ.

ಆ ನೋವನ್ನು ಹೇಗೆ ನೋಡಿಕೊಳ್ಳಬಹುದು ಎಂಬುದು ಪಕ್ಕದ ಕೇರಳದ ಕಾಸರಗೋಡಿನ ಕನ್ನಡದ ಮನೆಗಳನ್ನು ಕೇಳಿದರೆ ಗೊತ್ತಾಗುತ್ತದೆ. 1993ರಲ್ಲಿ ಕೋಯಿಕ್ಕೋಡಿನಲ್ಲಿ ಡಾ. ಎಂ.ಆರ್. ರಾಜಗೋಪಾಲ್ ಮತ್ತು ಸಂಗಡಿಗರು ಶುರುಮಾಡಿದ ನೋವು-ಉಪಶಮನ ಆರೈಕೆ ಕೇರಳದಲ್ಲಿ ಚಳವಳಿಯಾಯಿತು. 2008ರಲ್ಲಿ ರಾಜ್ಯ ನೀತಿಯೂ ಆಯಿತು. ಅಲ್ಲಿ ಪಂಚಾಯತಿನ ನರ್ಸ್ ಹಾಸಿಗೆ ಹಿಡಿದವರ ಮನೆಗೇ ಬರುತ್ತಾರೆ. ನಮ್ಮ ರಾಜ್ಯದಲ್ಲಿ ಕರುಣಾಶ್ರಯದಂಥ ಹೆಸರಾಂತ ಆಸರೆ ಇರುವುದು ಬೆಂಗಳೂರಿನಲ್ಲಿ. ಚಾರ್ಮಾಡಿಯ ತಪ್ಪಲಿನಿಂದ ಬೆಂಗಳೂರು ಎಷ್ಟು ದೂರ ಎಂಬುದನ್ನು ರೋಗಿಯನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಘಾಟಿ ಹತ್ತಿದವರೇ ಹೇಳಬೇಕು.

ಹಾಗಾಗಿ ಎರಡು ಕೋರಿಕೆ. ಮೊದಲನೆಯದು ಓದುಗರಿಗೆ: ಮೆಡಿಕಲ್‌ನಲ್ಲಿ "ಬೇನೆಯದ್ದು" ಎಂದು ಕೇಳುವ ಬದಲು ಎಲ್ಲಿ, ಯಾವಾಗ, ಹೇಗೆ ನೋಯುತ್ತದೆ ಎಂದು ವೈದ್ಯರಿಗೆ ಹೇಳಿ. ಉರಿಯೋ, ಸಿಡಿತವೋ, ಸೆಳೆತವೋ, ಜುಮ್ಮೋ ಎಂದು ಬಿಡಿಸಿ ಹೇಳಿ. ಹತ್ತು ದಿನಕ್ಕಿಂತ ಹೆಚ್ಚು ಕೆಂಪು ಪಟ್ಟಿ ನುಂಗುವವರು ಒಮ್ಮೆ ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ. ಎರಡನೆಯದು ಶಾಸಕರಿಗೆ, ಆರೋಗ್ಯ ಇಲಾಖೆಗೆ: ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಸರ್ಕಾರಿ ಆಸ್ಪತ್ರೆಗಳಲ್ಲಿ ಮಾರ್ಫಿನ್ ಮಾತ್ರೆಯೂ, ಅದನ್ನು ಕೊಡಲು ತರಬೇತಾದ ಒಬ್ಬ ವೈದ್ಯರೂ, ಮನೆಗೆ ಹೋಗಿ ನೋಡುವ ಒಬ್ಬ ನರ್ಸೂ ಇರುವಂತೆ ನೋಡಿಕೊಳ್ಳಿ. ಕಾಯ್ದೆ ಇದಕ್ಕೆ ಅಡ್ಡ ಬರುವುದಿಲ್ಲ.